ಮಕ್ಕಳ ದಿನಾಚರಣೆಯ ವಾರ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಎರಡನೇ ವಾರ ಬಂತೆಂದರೆ ನಮ್ಮಂಥ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಶಾಲೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಅದೇ ಕಥೆ. ಒಬ್ಬರಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಅದೇ ಪ್ರಶ್ನೆ ಇನ್ನೊಬ್ಬರದು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇವೆ. ಓದಲು ಬಾರದ ಅಜ್ಜಿ ತಾತಂದಿರಿಗೆ ಮಕ್ಕಳ ಕೈಯಲ್ಲೇ ಓದಿಸಿ. ಅವರಿಗೆ ಗಟ್ಟಿ ಓದಿನ ಅಭ್ಯಾಸವೂ ಆಗುತ್ತದೆ.

ಈ ವಾರ ಯಾವ ದಿನ ಏನಿದೆ?

ಸೋಮವಾರ ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ನಲಿಯುತ್ತಾ ಕಲಿಯುವ ತರಗತಿಗಳನ್ನು ನೀವೂ ಬಂದು ನೋಡಬಹುದು. ಮಂಗಳವಾರ ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಮಟ್ಟದ ಪ್ರತಿಭಾ ಕಾರಂಜಿ, ಅಂದರೆ ಹಾಡು, ಕಥೆ, ಚಿತ್ರಕಲೆಯಂಥ ಸ್ಪರ್ಧೆಗಳು. ಆಯ್ಕೆಯಾದ ಮಕ್ಕಳು ಮಾತ್ರ ಹೋಗುತ್ತಾರೆ. ಬುಧವಾರ ಬೆಳಿಗ್ಗೆ ನಾಲ್ಕು ಮತ್ತು ಐದನೇ ತರಗತಿಯವರಿಗೆ ಹಾಲಿನ ಡೈರಿ ಭೇಟಿ, ಮಧ್ಯಾಹ್ನ ದೊಡ್ಡ ಮಕ್ಕಳಿಗೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ. ಗುರುವಾರ ಮಕ್ಕಳೇ ಅಂಗಡಿ ಇಟ್ಟು ಮಾರುವ ಮಕ್ಕಳ ಸಂತೆ. ಶುಕ್ರವಾರ 14ನೇ ತಾರೀಕು, ಮಕ್ಕಳ ದಿನಾಚರಣೆ ಮತ್ತು ಪೋಷಕರ ಸಭೆ. ಶನಿವಾರ ಬ್ಯಾಗ್ ಇಲ್ಲದ ದಿನ.

ವಾರವೆಲ್ಲ ಕಾರ್ಯಕ್ರಮ ಆದರೆ ಪಾಠ ಮಾಡುವುದು ಯಾವಾಗ?

ಇದು ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಕಲಿಸಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಈ ವಾರದ ಕೆಲಸವೂ ಆ ಲೆಕ್ಕದೊಳಗೇ ಇರುತ್ತದೆ. ಹಾಗಾಗಿ ಸಂತೆಯ ದಿನ ಮತ್ತು ಶುಕ್ರವಾರ ಬಿಟ್ಟರೆ ಬೆಳಗಿನ ಎರಡು ಪೀರಿಯಡ್ ಎಂದಿನಂತೆ ನಡೆಯುತ್ತವೆ.

ಆದರೆ ಒಂದು ಮಾತು ಒಪ್ಪಲೇಬೇಕು. ಎಲ್ಲವೂ ಒಂದೇ ವಾರಕ್ಕೆ ಬಂದು ಬೀಳುವುದು ನಮಗೂ ಅಷ್ಟೇನೂ ಇಷ್ಟವಿಲ್ಲ. ಜುಲೈನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು ಅಂತ ಹಂಚಿದ್ದರೆ ಮಕ್ಕಳಿಗೂ ಚೆನ್ನಾಗಿರುತ್ತಿತ್ತು. ಬಂದದ್ದು ಬಂತು, ಇದರಲ್ಲೇ ಕಲಿಸುವುದು ಹೇಗೆ ಅಂತ ನೋಡಿದ್ದೇವೆ. ಐದನೇ ತರಗತಿಯ ಈ ತಿಂಗಳ ಗಣಿತದಲ್ಲಿ ಹಣ, ತೂಕ, ಅಳತೆ ಇದೆ. ಗುರುವಾರದ ಸಂತೆಗಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತೆ ಹೇಳಿ?

ನಮ್ಮ ಮಗು ಒಂದನೇ ಕ್ಲಾಸು. ಇನ್ನೂ ಅ ಆ ಇ ಈ ಸರಿಯಾಗಿ ಬರಲ್ಲ. ನಲಿ-ಕಲಿಯಲ್ಲಿ ಬರೀ ಆಟಾನಾ?

ಸೋಮವಾರ ದಯವಿಟ್ಟು ಬನ್ನಿ, ನಿಮಗಾಗಿಯೇ ಇಟ್ಟ ದಿನ ಅದು.

ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ವರ್ಣಮಾಲೆಯ ಸಾಲಿನಲ್ಲಿ ಅಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಯಾಕೆ ಅಂದರೆ ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಅಂತ ಓದಿಬಿಡುತ್ತದೆ. ಒತ್ತಿಲ್ಲ, ಗುಣಿತವಿಲ್ಲ, ಆದರೂ ಅರ್ಥ ಇರುವ ಪದಗಳು. ಅ ಆ ಇ ಈ ಹಾಡಿನಂತೆ ಬಾಯಿಪಾಠ ಹೇಳುವ ಎಷ್ಟೋ ಮಕ್ಕಳಿಗೆ ನಡುವಿನಿಂದ ಒಂದು ಅಕ್ಷರ ತೋರಿಸಿದರೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಹಳೆಯ ಕ್ಯಾಲೆಂಡರ್ ತೆಗೆದುಕೊಂಡು ‘ಇದರಲ್ಲಿ ಗ ಎಲ್ಲೆಲ್ಲಿದೆ, ಬೆರಳಿಟ್ಟು ತೋರಿಸು’ ಅನ್ನಿ. ಆಮೇಲೆ ನಮ್ಮನ್ನು ಕೇಳಿ.

ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುವುದೂ ಯೋಜನೆಯ ಭಾಗವೇ. ಗೋಡೆಯ ಮೇಲೆ ಕಲಿಕಾ ಏಣಿ ಇದೆ. ಮಗು ಒಂದೊಂದೇ ಮೆಟ್ಟಿಲು ಹತ್ತುತ್ತಾ ಕಾರ್ಡ್ ತೆಗೆದುಕೊಳ್ಳುತ್ತದೆ. ಮಕ್ಕಳು ಕೂರುವ ಒಂದೊಂದು ಗುಂಪಿಗೂ ನಾವು ತಟ್ಟೆ ಅನ್ನುತ್ತೇವೆ. ಮೊದಲ ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ. ಮುಂದಿನದರಲ್ಲಿ ಸ್ವಲ್ಪ ಕಡಿಮೆ, ಆಮೇಲೆ ಗೆಳೆಯರ ನೆರವು, ಕೊನೆಯ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತದೆ. ಹಳೇ ಪದ್ಧತಿಯಲ್ಲಿ ಆ ನಾಲ್ಕು ದಿನದ ಪಾಠ ಹೋದರೆ ಹೋಯಿತು.

ಇದು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಕಾರ್ಡ್ ಮೂಲಕ ಕಲಿಸುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. ಯುನಿಸೆಫ್ ನೆರವಿತ್ತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಬಂದವರು ಹಿಂದೆ ಕೂತು ಸುಮ್ನೆ ನೋಡಿ. ‘ಹೇಳೇ, ಟೀಚರ್‌ಗೆ ಹೇಳೇ’ ಅಂತ ನಡುವೆ ಮಗುವನ್ನು ತಿವಿಯಬೇಡಿ.

ಪ್ರತಿಭಾ ಕಾರಂಜಿಗೆ ನಮ್ಮ ಮಗಳನ್ನು ಯಾಕೆ ಆರಿಸಲಿಲ್ಲ? ಮನೆಯಲ್ಲಿ ಎಷ್ಟು ಚೆನ್ನಾಗಿ ಹಾಡುತ್ತಾಳೆ!

ಹಾಡುತ್ತಾಳೆ, ನಮಗೂ ಗೊತ್ತು. ಆದರೆ ಕ್ಲಸ್ಟರ್‌ಗೆ ಒಂದು ಸ್ಪರ್ಧೆಗೆ ಶಾಲೆಯಿಂದ ಒಂದೇ ಹೆಸರು ಕಳಿಸಬೇಕು. ಒಂದರಿಂದ ನಾಲ್ಕನೇ ತರಗತಿಯದು ಒಂದು ವಿಭಾಗ, ಐದರಿಂದ ಏಳರದು ಇನ್ನೊಂದು. ಕ್ಲಸ್ಟರ್‌ನಲ್ಲಿ ಗೆದ್ದವರು ತಾಲ್ಲೂಕಿಗೆ ಹೋಗುತ್ತಾರೆ. ಈ ಸಲ ಆಗದಿದ್ದರೆ ಶುಕ್ರವಾರ ನಮ್ಮ ಶಾಲೆಯ ವೇದಿಕೆ ಇದೆ. ಅಲ್ಲಿ ಆಯ್ಕೆ ಗೀಯ್ಕೆ ಇಲ್ಲ, ಹೆಸರು ಕೊಟ್ಟವರೆಲ್ಲ ಹಾಡಬಹುದು.

ಛದ್ಮವೇಷಕ್ಕೆ ಪೇಟೆಯಿಂದ ಬಾಡಿಗೆ ಬಟ್ಟೆ ತರಬೇಕಾ?

ಬೇಡ. ಖಂಡಿತ ಬೇಡ. ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಚಿತ್ರಕಲೆ, ಮಣ್ಣಿನ ಮಾದರಿ ಇವಕ್ಕೆಲ್ಲ ದುಡ್ಡಿನ ಹಂಗಿಲ್ಲ. ಛದ್ಮವೇಷ ಒಂದು ಮಾತ್ರ ಯಾಕೋ ಅಪ್ಪ ಅಮ್ಮಂದಿರ ಸ್ಪರ್ಧೆ ಆಗಿಬಿಟ್ಟಿದೆ. ಹೊಳೆಯುವ ಕಿರೀಟ, ಅಂಟಿಸಿದ ಮೀಸೆ, ಬೆವರಿ ಹೋದ ಮಗು, ಕೊನೆಗೆ ವೇದಿಕೆಯ ಮೇಲೆ ಒಂದು ಮಾತೂ ಹೊರಡುವುದಿಲ್ಲ. ತೀರ್ಪುಗಾರರ ಕಣ್ಣಿಗೆ ಬೀಳುವುದು ಅಭಿನಯ ಮತ್ತು ಮಾತು. ಅಜ್ಜಿಯ ಸೀರೆ, ತಲೆಗೊಂದು ಕುಕ್ಕೆ, ‘ಸೊಪ್ಪೋ ಸೊಪ್ಪು’ ಅಂತ ಬಾಯ್ತುಂಬ ಕೂಗಿದರೆ ಅದು ಎಲ್ಲ ಕಿರೀಟಗಳನ್ನೂ ಮೀರಿಸುತ್ತದೆ. ಒನಕೆ ಓಬವ್ವ ಮಾಡುವವರಿಗೆ ಒಂದು ವಿನಂತಿ: ರಟ್ಟಿನ ಒನಕೆ ಸಾಕು. ಮನೆಯ ಒನಕೆ ಹೊತ್ತು ಬಂದು ಕಾಲ ಮೇಲೆ ಹಾಕಿಕೊಳ್ಳುವುದು ಬೇಡ.

ಡೈರಿ ಭೇಟಿಗೆ ಅಷ್ಟು ಬೇಗ ಯಾಕೆ? ಹತ್ತು ಗಂಟೆಗೆ ಹೋದರಾಗದಾ?

ಹತ್ತು ಗಂಟೆಗೆ ಹೋದರೆ ಖಾಲಿ ಕ್ಯಾನ್ ನೋಡಿಕೊಂಡು ಬರಬೇಕು! ಊರಿನವರು ಹಾಲು ಹಾಕುವ ಹೊತ್ತಿಗೇ ಮಕ್ಕಳು ಅಲ್ಲಿರಬೇಕು. ಬೆಳಿಗ್ಗೆ ಏಳಕ್ಕೆ ಡೈರಿ ಹತ್ತಿರ ಬಿಡಿ, ಅಲ್ಲಿಂದ ನಾವೇ ಶಾಲೆಗೆ ಕರೆದುಕೊಂಡು ಹೋಗುತ್ತೇವೆ. ತಿಂಡಿ ತಿನ್ನಿಸಿಯೇ ಕಳಿಸಿ. ಸ್ವೆಟರ್ ಹಾಕಿ, ಚಳಿ ಶುರುವಾಗಿದೆ.

ಮಕ್ಕಳ ಕೆಲಸ ನೋಡುವುದು ಮತ್ತು ಕೇಳುವುದು. ಹಾಲಿನ ಗಟ್ಟಿತನ ನೋಡುವ ಲ್ಯಾಕ್ಟೋಮೀಟರ್ ಹಾಲಿನಲ್ಲಿ ಎಷ್ಟು ಮುಳುಗುತ್ತದೆ? ನೀರು ಬೆರೆಸಿದರೆ ಯಾಕೆ ಜಾಸ್ತಿ ಮುಳುಗುತ್ತದೆ? ಫ್ಯಾಟ್ (ಕೊಬ್ಬಿನಂಶ) ಕಡಿಮೆ ಬಂದರೆ ದುಡ್ಡು ಯಾಕೆ ಕಡಿಮೆ? ಇಬ್ಬಿಬ್ಬರಿಗೆ ಒಂದು ನೋಟ್ ಪುಸ್ತಕ. ಹತ್ತು ಮನೆಯವರ ಹಾಲು ಎಷ್ಟು ಲೀಟರ್ ಅಂತ ಬರೆದುಕೊಂಡು ಬಂದು ತರಗತಿಯಲ್ಲಿ ಕೂಡಬೇಕು, ನಕ್ಷೆ ಬರೆಯಬೇಕು. ಯಾರ ಮನೆಯದು ಅಂತ ಹೆಸರು ಬರೆಯುವುದಿಲ್ಲ. ಫ್ಯಾಟ್ ಕಡಿಮೆ ಬಂದವರ ಮರ್ಯಾದೆ ತೆಗೆಯುವುದು ನಮ್ಮ ಉದ್ದೇಶವಲ್ಲ.

ವಾಪಸ್ ಬಂದ ಮೇಲೆ ಲೋಟದಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ ಇದು. ಹಾಲು ಒಕ್ಕೂಟದ ಕೆನೆಭರಿತ ಹಾಲಿನ ಪುಡಿ 18 ಗ್ರಾಂ, ಬಿಸಿನೀರು ಸೇರಿ 150 ಮಿಲಿ ಹಾಲು. ಕಳೆದ ಸಲ ಹೋದಾಗ ಒಬ್ಬ ಹುಡುಗ ಲೋಟ ಹಿಡಿದು ‘ಹಂಗಾದ್ರೆ ನಮ್ಮ ಹಸಿನ ಹಾಲೇ ಊರೆಲ್ಲ ಸುತ್ತಿ ಪುಡಿಯಾಗಿ ಬಂತಾ ಮಿಸ್?’ ಅಂದ. ಆ ಹಸುವಿನದೇ ಅಂತ ಹೇಳಲಾಗದು. ಆದರೆ ಹಾಲು ಪುಡಿಯಾಗುವುದು ಹೇಗೆ ಅಂತ ವಿಜ್ಞಾನದ ಪಾಠ ಅಲ್ಲಿಂದಲೇ ಶುರುವಾಯಿತು.

ಮಕ್ಕಳ ಸಂತೆಗೆ ಏನು ಕಳಿಸಬೇಕು? ಎಷ್ಟು ಬಂಡವಾಳ?

ಮನೆಯಲ್ಲಿ, ಹಿತ್ತಲಲ್ಲಿ, ತೋಟದಲ್ಲಿ ಏನಿದೆಯೋ ಅದು. ಕರಿಬೇವು, ಕೊತ್ತಂಬರಿ, ನುಗ್ಗೆಸೊಪ್ಪು, ನಿಂಬೆಹಣ್ಣು, ಸೀಬೆ, ಬಾಳೆಕಾಯಿ, ಎಳನೀರು, ಹೂವು. ಏನೂ ಇಲ್ಲದವರು ಮಜ್ಜಿಗೆ, ಪಾನಕ, ಚುರುಮುರಿ ಮಾಡಬಹುದು. ಅಂಗಡಿಯಿಂದ ಚಿಪ್ಸ್ ಪ್ಯಾಕೆಟ್ ತಂದು ಮಾರುವುದಕ್ಕೆ ಅವಕಾಶವಿಲ್ಲ. ಪ್ಲಾಸ್ಟಿಕ್ ಕವರ್ ಕೂಡ ಬೇಡ, ಬರುವವರು ಕೈಚೀಲ ತನ್ನಿ.

ಬಂಡವಾಳ ನೂರು ರೂಪಾಯಿ ದಾಟಬಾರದು. ಅದನ್ನು ಮಗು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮನೆಯ ಕರಿಬೇವಿಗೆ ಖರ್ಚೇ ಇಲ್ಲವಲ್ಲ ಅನ್ನುತ್ತೀರಾ? ಅದನ್ನೇ ನಾವು ತರಗತಿಯಲ್ಲಿ ಕೇಳಿದೆವು. ನೀರು ಹಾಕಿದ್ದು ಯಾರು? ಕಿತ್ತು ಕಟ್ಟು ಕಟ್ಟಿದ್ದು ಯಾರು? ಅದಕ್ಕೆ ಕೂಲಿ ಬೇಡವಾ? ಅರ್ಧ ಗಂಟೆ ವಾದ ನಡೆಯಿತು, ಕೂಲಿ ಎಷ್ಟು ಅಂತ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು, ಸಿದ್ಧವಾಗಿರಿ.

ಚಿಲ್ಲರೆ ಲೆಕ್ಕದಲ್ಲಿ ಮಗು ಮೋಸ ಹೋದರೆ?

ಹೋಗಲಿ ಬಿಡಿ. ಐದು ರೂಪಾಯಿ ಹೋದದ್ದು ಮಗುವಿಗೆ ಬಹಳ ದಿನ ನೆನಪಿರುತ್ತದೆ. ನೀವು ಅಂಗಡಿಯ ಹಿಂದೆ ನಿಂತು ‘ಇಪ್ಪತ್ತು ವಾಪಸ್ ಕೊಡು, ಅಲ್ಲ ಮೂವತ್ತು’ ಅಂತ ಪಿಸುಗುಟ್ಟುವುದು ಬೇಡ. ಈ ಸಲ ಅಂಗಡಿಗಳ ಹಿಂದೆ ಹಗ್ಗ ಕಟ್ಟುತ್ತೇವೆ, ದೊಡ್ಡವರೆಲ್ಲ ಹಗ್ಗದ ಈಚೆ ಗಿರಾಕಿಗಳು. ಚೌಕಾಸಿ ಮಾಡಿ, ಆದರೆ ಮಗು ಹೆದರುವ ಹಾಗೆ ಅಲ್ಲ. ಫೋನ್‌ಪೇ, ಗೂಗಲ್‌ಪೇ ಇಲ್ಲ. ಹತ್ತು, ಇಪ್ಪತ್ತರ ನೋಟು ಮತ್ತು ನಾಣ್ಯ ತನ್ನಿ. ಐನೂರರ ನೋಟು ತಂದು ಎರಡನೇ ಕ್ಲಾಸಿನ ಮಗುವಿನ ಕೈಗೆ ಕೊಟ್ಟರೆ ಅದು ಅಳುವುದಷ್ಟೇ ಬಾಕಿ.

ತೂಕ ಅಳತೆ ಹೇಗೆ?

ಹಲವು ಶಾಲೆಗಳಲ್ಲಿ ಇದೇ ಸಂತೆಗೆ ಮೆಟ್ರಿಕ್ ಮೇಳ ಅನ್ನುತ್ತಾರೆ. ತಕ್ಕಡಿ, ತೂಕದ ಬಟ್ಟು, ಲೀಟರ್ ಅಳತೆ, ಮೀಟರ್ ಪಟ್ಟಿ ಶಾಲೆಯದೇ ಇದೆ. ಎಲೆಕ್ಟ್ರಾನಿಕ್ ತಕ್ಕಡಿ ಬೇಡ ಅಂದಿದ್ದೇವೆ. ಮುಕ್ಕಾಲು ಕಿಲೋ ಅಂದರೆ ಯಾವ ಯಾವ ಬಟ್ಟು ಹಾಕಬೇಕು ಅಂತ ತಲೆ ಓಡಬೇಕಲ್ಲ.

ಹೂವಿನ ವಿಷಯದಲ್ಲಿ ಮಾತ್ರ ಪ್ರತಿ ವರ್ಷ ಜಗಳ. ನಮ್ಮಲ್ಲಿ ಹೂವು ಇವತ್ತಿಗೂ ಮೊಳ, ಮಾರಿನ ಲೆಕ್ಕದಲ್ಲೇ ಹೋಗುತ್ತದೆ. ನಾಲ್ಕನೇ ಕ್ಲಾಸಿನ ಹುಡುಗಿ ಸೇವಂತಿಗೆ ಹಾರವನ್ನು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ‘ಒಂದು ಮೊಳ’ ಅಂತಾಳೆ. ಕೊಳ್ಳಲು ಬಂದ ಅಜ್ಜಿ ತನ್ನ ಕೈ ಹಿಡಿದು ‘ಇದಮ್ಮಾ ಮೊಳ ಅಂದ್ರೆ’ ಅಂತಾರೆ. ಇಬ್ಬರದೂ ಸರಿ. ಹಾಗಾದರೆ ಯಾರ ಕೈ ಅಳತೆ ಒಪ್ಪುವುದು? ಇಲ್ಲಿಗೆ ಬಂದಾಗ ಮೀಟರ್ ಯಾಕೆ ಬೇಕಾಯಿತು ಅಂತ ವಿವರಿಸುವ ಕಷ್ಟವೇ ಇರುವುದಿಲ್ಲ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆ ಬಂದದ್ದು 1956ರಲ್ಲಿ. ಮರುವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಬಂತು. ಸೇರು, ಪಾವು, ಚಟಾಕು ನೋಡಿದ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಗುರುವಾರ ಕರೆದುಕೊಂಡು ಬನ್ನಿ. ಮನೆಯ ಅಟ್ಟದ ಮೇಲೆ ಹಳೇ ಸೇರು, ಪಾವು ಇದ್ದರೆ ತನ್ನಿ, ಜೋಪಾನವಾಗಿ ವಾಪಸ್ ಕೊಡುತ್ತೇವೆ. ಅಜ್ಜಿಯ ಪಾವಿನಲ್ಲಿ ಎಷ್ಟು ಮಿಲಿ ನೀರು ಹಿಡಿಯುತ್ತದೆ ಅಂತ ಮಕ್ಕಳೇ ಅಳೆದು ಬೋರ್ಡ್ ಮೇಲೆ ಬರೆಯುತ್ತಾರೆ.

ಸಂತೆಯಲ್ಲಿ ಬಂದ ಲಾಭ ಯಾರಿಗೆ?

ಮಗುವಿಗೇ. ಶಾಲೆ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ಗ್ರಾಮಸಭೆಗೆ ಮಕ್ಕಳನ್ನು ಕಳಿಸಿ ಏನು ಪ್ರಯೋಜನ? ದೊಡ್ಡವರ ಮಾತೇ ಪಂಚಾಯಿತಿಯಲ್ಲಿ ನಡೆಯಲ್ಲ.

ಮಕ್ಕಳ ಮಾತು ಕೆಲವೊಮ್ಮೆ ನಡೆಯುತ್ತದೆ! ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಮಕ್ಕಳಿಗಾಗಿಯೇ ಸಭೆ ಕರೆಯುತ್ತದೆ. ಈ ಸಲ ನಮ್ಮ ಮಕ್ಕಳು ಬರೆದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು, ಶಾಲೆ ಮುಂದಿನ ಹಂಪ್, ಬೀದಿನಾಯಿ ಇವೆಲ್ಲ ಇವೆ. ಪ್ರಶ್ನೆಗಳನ್ನು ನಾವು ತಿದ್ದಿಲ್ಲ, ಕಾಗುಣಿತ ಮಾತ್ರ ತಿದ್ದಿದ್ದೇವೆ. ಯಾರ ಮನೆಯ ಹುಡುಗ ಏನು ಕೇಳಿದ ಅಂತ ಆಮೇಲೆ ಊರಿನಲ್ಲಿ ಜಗಳ ತೆಗೆಯಬೇಡಿ.

ಹೊರಗೆ ಹೋದ ದಿನ ಬಿಸಿಯೂಟ ಸಿಗುತ್ತಾ? ನಾವು ಮೊಟ್ಟೆ ತಿನ್ನುವವರಲ್ಲ.

ಊಟ ಪ್ರತಿದಿನ ಸಿಗುತ್ತದೆ. ಡೈರಿಗೆ ಹೋದವರು ಊಟದ ಹೊತ್ತಿಗೆ ಶಾಲೆಯಲ್ಲೇ ಇರುತ್ತಾರೆ. ಕಾರಂಜಿಗೆ ಹೋದವರಿಗೆ ಅದು ನಡೆಯುವ ಶಾಲೆಯಲ್ಲೇ ವ್ಯವಸ್ಥೆ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಆರು ದಿನಕ್ಕೆ ಏರಿತು. ತಿನ್ನದವರಿಗೆ ಬಾಳೆಹಣ್ಣು. ಯಾರು ಏನು ತಿನ್ನಬೇಕು ಅಂತ ವರ್ಷದ ಮೊದಲೇ ನಿಮ್ಮಿಂದ ಬರೆಸಿಕೊಂಡಿದ್ದೇವೆ. ಮಗು ಶಾಲೆಯಲ್ಲಿ ಮನಸ್ಸು ಬದಲಿಸಿದರೆ ನಿಮ್ಮನ್ನು ಕೇಳದೆ ಕೊಡುವುದಿಲ್ಲ. ಸಂತೆಯ ದಿನ ಚುರುಮುರಿ ತಿಂದು ಊಟ ಬಿಡುವವರು ಜಾಸ್ತಿ. ಅಡುಗೆಯವರು ಅಂದು ಅಕ್ಕಿ ಕಡಿಮೆ ಹಾಕುತ್ತಾರೆ, ಅವರಿಗೆ ನಮಗಿಂತ ಚೆನ್ನಾಗಿ ಅಂದಾಜು ಗೊತ್ತು.

ಗುಲಾಬಿ ಬಣ್ಣದ ಮಾತ್ರೆ ಈ ವಾರವೂ ಕೊಡ್ತೀರಾ?

ಕೊಡುತ್ತೇವೆ. ಅದು ಕಬ್ಬಿಣಾಂಶದ ಮಾತ್ರೆ, ವಾರಕ್ಕೊಂದು. ಐದನೇ ತರಗತಿವರೆಗೆ ಗುಲಾಬಿ, ದೊಡ್ಡವರಿಗೆ ನೀಲಿ. ಊಟವಾದ ಮೇಲೆ ನಮ್ಮ ಕಣ್ಣೆದುರೇ ನುಂಗಿಸುತ್ತೇವೆ, ಮನೆಗೆ ಕಳಿಸುವುದಿಲ್ಲ. ಮಲ ಕಪ್ಪಗಾದರೆ ಗಾಬರಿ ಬೇಡ, ಮಾತ್ರೆಯಿಂದ ಹಾಗಾಗುವುದು ಸಹಜ. ಮಗುವಿಗೆ ಜ್ವರ ಇದ್ದರೆ ಅಥವಾ ಬೇರೆ ಚಿಕಿತ್ಸೆ ನಡೆಯುತ್ತಿದ್ದರೆ ಮೊದಲೇ ತಿಳಿಸಿ.

ಪೋಷಕರ ಸಭೆಗೆ ಅಪ್ಪ ಅಮ್ಮ ಇಬ್ಬರೂ ಬರಲೇಬೇಕಾ? ಅವತ್ತು ರಾಗಿ ಕೊಯ್ಲು.

ಒಬ್ಬರು ಬಂದರೆ ಸಾಕು. ಅಜ್ಜಿ, ಅತ್ತೆ, ದೊಡ್ಡಪ್ಪ ಯಾರಾದರೂ ಸರಿ. ಕೂಲಿ ಬಿಟ್ಟು ಬರುವುದು ಸುಲಭವಲ್ಲ ಅಂತ ಗೊತ್ತು. ಅದಕ್ಕೇ ಸಂಜೆ ಐದರ ನಂತರವೂ ಇಬ್ಬರು ಶಿಕ್ಷಕರು ಶಾಲೆಯಲ್ಲಿರುತ್ತಾರೆ.

ಬಂದಾಗ ‘ನಮ್ಮ ಹುಡುಗ ಹೆಂಗೆ ಓದ್ತಾನೆ’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾವು ‘ಪರವಾಗಿಲ್ಲ’ ಅನ್ನುತ್ತೇವೆ, ನೀವು ‘ಎರಡು ಬಿಗೀರಿ ಮೇಷ್ಟ್ರೇ’ ಅನ್ನುತ್ತೀರಿ, ಸಭೆ ಮುಗಿಯಿತು. ಬಿಗಿಯುವುದು ಕಾನೂನಿನಲ್ಲೂ ಇಲ್ಲ, ನಮ್ಮ ಶಾಲೆಯಲ್ಲೂ ಇಲ್ಲ. ಬದಲಿಗೆ ಅವನ ನೋಟ್ ಪುಸ್ತಕ ತೆಗೆಸಿ, ಒಂದು ಪುಟ ಅವನಿಂದ ಓದಿಸಿ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವಾಗ ಎಲ್ಲಿ ಎಡವುತ್ತಾನೆ ಅಂತ ಕೇಳಿ. ಅವನ ಜೊತೆ ಊಟಕ್ಕೆ ಕೂರುವವರು ಯಾರು, ಆಟಕ್ಕೆ ಕರೆಯುವವರು ಯಾರು ಅಂತ ಕೇಳಿ. ಇಂಥ ಪ್ರಶ್ನೆಗೆ ನಮ್ಮ ಹತ್ತಿರ ನಿಜವಾದ ಉತ್ತರ ಇರುತ್ತದೆ.

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೂ ಅಲ್ಲೇ ಇರುತ್ತಾರೆ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಸದಸ್ಯೆ ಹೆಂಡತಿ, ಸಹಿ ಮಾತ್ರ ಗಂಡನದು ಅನ್ನುವುದು ಇನ್ನು ಮುಂದೆ ಬೇಡ.

ನಮ್ಮ ಮಗು ತುಂಬ ನಾಚಿಕೆ. ಎಲ್ಲರ ಮುಂದೆ ನಿಲ್ಲಲ್ಲ. ಬಲವಂತ ಮಾಡ್ತೀರಾ?

ಇಲ್ಲ. ವೇದಿಕೆ ಒಂದೇ ಕೆಲಸ ಅಲ್ಲವಲ್ಲ. ರಂಗೋಲಿ, ಬೋರ್ಡ್ ಮೇಲೆ ಸ್ವಾಗತ ಬರೆಯುವುದು, ಗಂಟೆ ಹೊಡೆಯುವುದು, ಸಂತೆಯಲ್ಲಿ ತೂಕ ನೋಡುವುದು, ಬಂದವರಿಗೆ ನೀರು ಕೊಡುವುದು, ಹೀಗೆ ಎಷ್ಟೋ ಇವೆ. ಕೇಳಲು, ನೋಡಲು, ನಡೆಯಲು ಕಷ್ಟವಿರುವ ಮಕ್ಕಳಿಗೂ ಅವರೇ ಆರಿಸಿದ ಕೆಲಸ ಕೊಟ್ಟಿದ್ದೇವೆ. ಡೈರಿಗೆ ನಡೆಯಲಾಗದವರಿಗೆ ಆಟೋ ಮಾತಾಡಿದ್ದೇವೆ.

ಶನಿವಾರ ನಿಜವಾಗಲೂ ಬ್ಯಾಗ್ ಬೇಡವಾ? ಒಂದು ನೋಟ್‌ಬುಕ್ ಆದ್ರೂ?

ಏನೂ ಬೇಡ. ಇದು ತಿಂಗಳಿಗೊಂದು ಬರುವ ಸಂಭ್ರಮ ಶನಿವಾರ. ನೀರಿನ ಬಾಟಲಿ ಸಾಕು. ಬೆಳಗಿನ ಶಾಲೆ, ಮರೆಯಬೇಡಿ. ವಾರವಿಡೀ ಕಂಡದ್ದನ್ನು ಮಕ್ಕಳು ಚಿತ್ರ ಬರೆಯುತ್ತಾರೆ, ನಾಟಕ ಮಾಡುತ್ತಾರೆ.

ಬ್ಯಾಗಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸರ್ಕಾರದ 2019ರ ಆದೇಶದಂತೆ ಒಂದು, ಎರಡನೇ ತರಗತಿಯ ಬ್ಯಾಗ್ ಎರಡು ಕಿಲೋ ಮೀರಬಾರದು. ಮೂರರಿಂದ ಐದಕ್ಕೆ ಮೂರು ಕಿಲೋ, ಆರರಿಂದ ಎಂಟಕ್ಕೆ ನಾಲ್ಕು ಕಿಲೋ. ಗುರುವಾರ ತಕ್ಕಡಿ ಹೇಗೂ ಇರುತ್ತದಲ್ಲ, ಬ್ಯಾಗುಗಳನ್ನೂ ತೂಗುವುದಾಗಿ ಏಳನೇ ಕ್ಲಾಸಿನವರು ಆಗಲೇ ಹೇಳಿಟ್ಟಿದ್ದಾರೆ. ಹಳೇ ನೋಟ್ ಪುಸ್ತಕ, ಕಲ್ಲು, ಗೋಲಿ, ಒಣಗಿದ ಹುಣಸೆಹಣ್ಣು ಇವನ್ನೆಲ್ಲ ಬುಧವಾರ ರಾತ್ರಿಯೇ ಹೊರಗೆ ತೆಗೆಸಿ.

ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಕಾ?

ಬೇಡ. ಯಾರಾದರೂ ಶಾಲೆಯ ಹೆಸರಿನಲ್ಲಿ ಕೇಳಿದರೆ ಹೆಡ್ ಮಾಸ್ಟರ್‌ಗೆ ತಿಳಿಸಿ. ಸಿಹಿ ಹಂಚಬೇಕು ಅನ್ನಿಸಿದವರು ಎಸ್‌ಡಿಎಂಸಿಗೆ ಹೇಳಿ ಎಲ್ಲ ಮಕ್ಕಳಿಗೂ ಆಗುವಷ್ಟು ಕೊಡಿ, ಒಂದು ತರಗತಿಗೆ ಮಾತ್ರ ಬೇಡ.

ಫೋಟೋ ತೆಗೆದು ಸ್ಟೇಟಸ್ ಹಾಕಬಹುದಾ?

ನಿಮ್ಮ ಮಗುವಿನದು ಹಾಕಿ. ಬೇರೆ ಮಕ್ಕಳು ಇರುವ ಫೋಟೋ ಹಾಕುವ ಮೊದಲು ಅವರ ಮನೆಯವರನ್ನು ಕೇಳಿ. ವೇದಿಕೆಯ ಮುಂದೆ ಫೋನ್ ಹಿಡಿದು ನಿಂತರೆ ಹಿಂದೆ ಕೂತ ಮಕ್ಕಳಿಗೆ ನಿಮ್ಮ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಇಷ್ಟೆಲ್ಲ ಆದಮೇಲೆ ಸೋಮವಾರ ರಜೆ ಇದೆಯಾ?

ಇಲ್ಲ. ಬ್ಯಾಗ್ ತರಬೇಕು, ಸಂತೆಯ ಲೆಕ್ಕದ ಹಾಳೆಯನ್ನೂ ತರಬೇಕು.